ಕಂಬಳಿಗೆ ಹಾಕಿದ ಹೊಲಿಗೆ

ಇಂದಿಗೂ ಕಂಬಳಿ ಹೊದ್ದವರನ್ನು ಕಂಡರೆ ಹಿರಿಯೂರಿನ ಆ ತುರ್ತು ವಿಭಾಗ ನೆನಪಾಗುತ್ತದೆ. ನಾನಾಗ ಹೊಸ ನರ್ಸ್. ಬೈಕ್ ಗುದ್ದಿ ಮುಂಗೈ ಮುರಿದಿದ್ದ ಕುರಿಗಾಹಿ ಅಜ್ಜನೊಬ್ಬನನ್ನು ಕರೆತಂದರು. ಕೈ ಬಿಡಿಸುವ ಅವಸರದಲ್ಲಿ ಅಂಗಿಯ ಜೊತೆ ಹೊದ್ದಿದ್ದ ಕಂಬಳಿಗೂ ಕತ್ತರಿ ಹಾಕಿಬಿಟ್ಟೆ. "ಕಂಬಳಿ ಅವರಿಗೆ ದೇವ್ರಿದ್ದಂಗೆ ಕಣಮ್ಮ!" ಎಂದು ಹಿರಿಯ ಸಿಸ್ಟರ್ ರೇಗಿದರು. ಅಜ್ಜ ನೋವು ಮರೆತು ನನ್ನನ್ನೇ ದುರುಗುಟ್ಟಿ ನೋಡಿದ.

ನನಗೂ ತುರ್ತು ವಿಭಾಗದ ಕೆಲಸದ ಮೇಲೆ ಸಿಟ್ಟಿತ್ತು. ಬಂದವರನ್ನು ವಾರ್ಡಿಗೆ ಕಳಿಸಿದರೆ ಮುಗಿಯಿತು. ಗುಣವಾದರೋ ಇಲ್ಲವೋ, ನಮಗೆ ಯಾರು ಹೇಳುತ್ತಾರೆ? ಆದರೆ ಅಜ್ಜ ಸಿಮೆಂಟು ಪಟ್ಟಿ ಬಿಚ್ಚಿಸಿಕೊಂಡ ದಿನ ನೇರ ನನ್ನ ಬಳಿಗೇ ಬಂದ. ದಬ್ಬಳ, ಉಣ್ಣೆದಾರ ಚಾಚಿ, "ಕತ್ತರ್ಸಿದೋಳು ನೀನೇ, ಹೊಲಿಯೋಳೂ ನೀನೇ ಕಣವ್ವ" ಎಂದ.

ಬೆಂಚಿನ ಮೇಲೆ ಕೂತು ಹೊಲಿದೆ. ಕಂಬಳಿ ಜಾರದಂತೆ ಆ ತುದಿಯನ್ನು ಅವನು ಬಿಗಿಯಾಗಿ ಹಿಡಿದಿದ್ದ, ಮುರಿದಿದ್ದ ಕೈಯಲ್ಲೇ.