ಅತ್ತೆಗೆ ಯಾವ ಭಾಗ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಎರಡು ಸಾವಿರದ ಇಸವಿಯ ಆಚೀಚೆ ನಡೆದದ್ದು ಎಂಬುದಷ್ಟೇ ಗಟ್ಟಿ. ಆ ಕಂಪ್ಯೂಟರ್ ಆಟಕ್ಕೆ ನಾಲ್ಕು ಭಾಗಗಳಿದ್ದವೆಂದು ನನ್ನ ನೆನಪು. ಐದು ಎನ್ನುತ್ತಾಳೆ ಹಾಸ್ಟೆಲಿನ ಗೆಳತಿ. ಅತ್ತೆ ಮುರಿದುಕೊಂಡದ್ದು ಬಲಗಾಲು ಎಂದು ಬರೆಯಲು ಹೊರಟವಳು, ಎಡಗಾಲೇ ಇರಬಹುದೆನಿಸಿ ನಿಲ್ಲಿಸಿದ್ದೇನೆ.

ಅತ್ತೆ ಎಂದರೆ ಅಪ್ಪನ ತಂಗಿ, ತೇರಗಾಂವದವಳು. ಕಬ್ಬಿನ ಗದ್ದೆಯ ಬದುವಿನಿಂದ ಜಾರಿ ಬಿದ್ದಿದ್ದಳು. ಪ್ಲಾಸ್ಟರ್ ಹಾಕಿದ ವಾರದಲ್ಲೇ ಎಮ್ಮೆ ಹಿಂಡಲು ಎದ್ದುಹೋಗಿ ಮೂಳೆ ಜರುಗಿತು. ಹಳಿಯಾಳದ ಡಾಕ್ಟರು ಮತ್ತೆ ಪ್ಲಾಸ್ಟರ್ ಹಾಕುತ್ತ, "ಇನ್ನೊಮ್ಮೆ ಎದ್ರ ಕಡೀತನಾ ಕುಂಟತೀರಿ. ಹೊಲದ ಆಸೆ ಬಿಟ್ಟಬಿಡ್ರಿ" ಎಂದರು. ಅವಳನ್ನು ಮಂಚದ ಮೇಲೆಯೇ ಕೂರಿಸಿಡುವ ಕೆಲಸ, ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಬರೆದು ಖಾಲಿ ಕೂತಿದ್ದ ನನ್ನ ಪಾಲಿಗೆ ಬಂತು. ನನ್ನ ಹಳೆಯ ಕಂಪ್ಯೂಟರನ್ನೂ ಆಟದ ಸಿ.ಡಿ.ಗಳನ್ನೂ ಹೊತ್ತುಕೊಂಡು ಹೋದೆ.

ಒಬ್ಬ ವೀರನ ಪಾತ್ರ ವಹಿಸಿ, ಊರೂರು ಅಲೆದು, ಕಂಡವರೊಡನೆ ಮಾತಾಡಿ, ಕಾದಾಡಿ, ಕೊನೆಗೆ ರಾಜ್ಯ ಉಳಿಸುವ ಆಟ ಅದು. ಹೊಸಬರು ಯಾವ ಭಾಗದಿಂದ ಶುರು ಮಾಡಬೇಕೆಂದು ಹಾಸ್ಟೆಲಿನಲ್ಲಿ ಜಗಳಗಳೇ ಆಗಿದ್ದವು. ಕಥೆ ತಿಳಿಯಬೇಕಾದರೆ ಮೊದಲನೆಯದೇ ಸರಿ ಎಂಬ ಪಕ್ಷ ನನ್ನದು.

ಮಂಚದ ಮೇಲೆ ಮಣೆ, ಮಣೆಯ ಮೇಲೆ ಮೌಸ್. ಮೊದಲ ಭಾಗ ಶುರುವಿಗೇ ವೀರನ ಕಸುಬು ಯಾವುದೆಂದು ಕೇಳಿತು. ನಾನು ಇಂಗ್ಲಿಷ್ ಓದಿ ಹೇಳಿದೆ: ಯೋಧ, ಮಂತ್ರವಾದಿ, ಕಳ್ಳ.

"ರೈತ ಇಲ್ಲೇನ?"

"ಇಲ್ಲ, ಅತ್ತಿ."

"ಕಳ್ಳಗ ಜಾಗಾ ಐತಿ, ರೈತಗ ಇಲ್ಲ! ಈ ಮಂದಿ ಉಣ್ಣೂದರ ಏನು? ತಗಿ ಇದನ್ನ."

ಎರಡನೆಯದು ಸುಲಭ ಎಂದೆ. ಅದರಲ್ಲಿ ವೀರ ಕಂಡವರ ಮನೆ ಹೊಕ್ಕು ಪೆಟ್ಟಿಗೆ ತೆರೆದು ಔಷಧಿ, ಕತ್ತಿ ಎತ್ತಿಕೊಳ್ಳಬೇಕು.

"ಮನಿಯಾಕಿ ಅಲ್ಲೇ ನಿಂತಾಳ, ನಾ ಆಕಿ ಪೆಟಿಗಿ ತಗೀಲೇನ? ಹುಚ್ಚಿ, ಅಷ್ಟು ದೊಡ್ಡ ಸಾಲ್ಯಾಗ ಇದನ್ನ ಕಲಿಸಿದ್ರೇನು?" ಎನ್ನುತ್ತ ಅತ್ತೆ ಮಂಚದಿಂದ ಕಾಲು ಇಳಿಬಿಟ್ಟಳು. ಹೊರಗೆ ಎಮ್ಮೆ ಬೇರೆ ಕೂಗುತ್ತಿತ್ತು. ನಾನು ಕಾಲು ಹಿಡಿದು ಮೇಲಿಡುತ್ತಲೇ ಗಡಬಡಿಸಿ ಮೂರನೇ ಸಿ.ಡಿ. ತುರುಕಿದೆ.

ಮೂರನೆಯದರಲ್ಲಿ ಊರ ಬಾಗಿಲಲ್ಲಿ ಕೋಲು ಹಿಡಿದ ಮುದುಕನೊಬ್ಬ ನಿಂತಿದ್ದ. ಕಾವಿಯಂಥ ನಿಲುವಂಗಿ. ಮುಟ್ಟಿದರೆ, "ಹಸಿವಾಗಿದೆ, ಪಯಣಿಗ" ಎನ್ನುತ್ತಿದ್ದ. ಅತ್ತೆ ಸೆರಗು ಹೊದ್ದಳು.

"ಅಯ್ಯಾರು ಬಂದಾರ. ಮೊದಲ ನೀಡೂಣು."

ಅತ್ತೆಯ ಮನೆಯಲ್ಲಿ ಜಂಗಮರು ಬಾಗಿಲಿಗೆ ಬಂದರೆ ಅವರಿಗೆ ನೀಡದೆ ಯಾರೂ ಉಣ್ಣುವಂತಿಲ್ಲ. ವೀರನ ಚೀಲದ ರೊಟ್ಟಿಯನ್ನೆಲ್ಲ ಕೊಟ್ಟಳು. ಮುದುಕ ಮತ್ತೆ, "ಹಸಿವಾಗಿದೆ, ಪಯಣಿಗ." ಅವನಿಗೆ ಬರುತ್ತಿದ್ದದ್ದು ಆ ಒಂದೇ ಮಾತು. ವೀರ ಕಟ್ಟಿಗೆ ಒಡೆದು ರೊಟ್ಟಿ ಸಂಪಾದಿಸಿದ, ಅತ್ತೆ ನೀಡಿದಳು, ಮುದುಕ ಹಸಿದ.

"ನಮ್ಮ ಬೀಗರ ವಂಶದಾಂವ ಇರಬೇಕು ತಗಿ" ಎಂದರು ಅತ್ತೆಯ ಗಂಡ, ನಮ್ಮ ಮಾಮಾ, ಬಾಗಿಲಲ್ಲಿ ನಿಂತು.

"ನಿಮ್ಮ ತಾಟು ನೋಡಿದವರು ನಿಮ್ಮ ವಂಶ ಅಂತಾರ, ಸುಮ್ಮನಿರ್ರಿ."

ರಾಜ ಸೆರೆಯಲ್ಲಿದ್ದಾನೆ, ಹೋಗಿ ಬಿಡಿಸಬೇಕು ಎಂದು ನಾನು ನೆನಪಿಸಿದೆ. "ರಾಜಗ ಮಕ್ಕಳಿಲ್ಲೇನ?" ಎಂದಳು. ಆ ಮುದುಕನನ್ನು ಹಾಗೆ ಹೇಳುವಂತೆ ಮಾಡಿಟ್ಟಿದ್ದಾರೆ, ಅವನಿಗೆ ಹೊಟ್ಟೆ ಎಂಬುದೇ ಇಲ್ಲ ಎಂದು ವಿವರಿಸಿದೆ. "ಹೊಟ್ಟಿ ಇಲ್ಲಂತ ಉಪವಾಸ ಕೆಡವಲೇನ?" ಎಂದಳು. ಕರೆಂಟು ಹೋದಾಗ ಮಾತ್ರ ಚಡಪಡಿಸುತ್ತಿದ್ದಳು, ಅದೂ ಮುದುಕನ ಸಲುವಾಗಿ. ಎಮ್ಮೆ ಕೂಗಿದರೆ, "ಮಾಮಾಗ ಹೇಳು, ನಂಗ ಕೆಲಸ ಐತಿ." ಹಾಸ್ಟೆಲಿಗೆ ಫೋನ್ ಮಾಡಿ, ಹೊಸಬರಿಗೆ ಮೂರನೆಯದೇ ಸರಿ ಎಂದು ಒಪ್ಪಿಕೊಂಡೆ. ಕಾರಣ ಹೇಳಲಿಲ್ಲ.

ಅಂತೂ ಪ್ಲಾಸ್ಟರ್ ಕತ್ತರಿಸುವ ದಿನ ಬಂತು. ಕಾಲು ನೆಟ್ಟಗಿತ್ತು. ಹಳಿಯಾಳದ ಬಸ್‌ಸ್ಟ್ಯಾಂಡಿನವರೆಗೆ ಮೆಲ್ಲಗೆ, ಕುಂಟದೆ ನಡೆದಳು. ಮರುವಾರ ಗದ್ದೆಯಲ್ಲಿದ್ದಳು, ಆಟದ ಕಡೆ ತಿರುಗಿಯೂ ನೋಡಲಿಲ್ಲ.

ಸಾಮಾನು ಕಟ್ಟುವ ಮುನ್ನ ನಾನೊಮ್ಮೆ ಆಟ ತೆರೆದೆ. ವೀರ ಊರಲ್ಲಿರಲಿಲ್ಲ. ಯಾವುದೋ ಹಿಮದ ಬೆಟ್ಟದ ತುದಿಯಲ್ಲಿ, ಕೈಯಲ್ಲಿ ಕತ್ತಿಯೂ ಇಲ್ಲದೆ ನಿಂತಿದ್ದ. ದಾರಿಯುದ್ದಕ್ಕೂ ತೋಳಗಳಿರುವ ಜಾಗ ಅದು. ನಾನೇ ಅಲ್ಲಿಗೆ ಮುಟ್ಟಿರಲಿಲ್ಲ. ಮಾಮಾ ಮೌಸ್ ಮುಟ್ಟಿದವರಲ್ಲ. ನಾನು ಮಲಗಿದ ಮಧ್ಯಾಹ್ನಗಳಲ್ಲೇ ನಡೆದದ್ದಿರಬೇಕು, ಅಥವಾ ಹಾಗೆಂದು ನಾನು ಊಹಿಸಿಕೊಂಡಿದ್ದೇನೆ.

ಗದ್ದೆಗೆ ಹೋಗಿ ಕೇಳಿದೆ. ಕಬ್ಬಿಗೆ ನೀರು ತಿರುವುತ್ತಿದ್ದ ಅತ್ತೆ ಮುಂದಿನ ಸಾಲಿಗೆ ನಡೆದಳು. ಆಮೇಲೂ ಹಬ್ಬಕ್ಕೆ ಹೋದಾಗಲೆಲ್ಲ ಕೇಳಿದ್ದೇನೆ, ಪ್ರತಿ ಸಲ ಇನ್ನೊಂದು ಹೋಳಿಗೆ ಬಡಿಸಿ ಒಳಗೆ ಹೋಗುತ್ತಾಳೆ. ನನ್ನ ಪ್ರಶ್ನೆ ಒಂದೇ:

"ಅತ್ತಿ, ಆ ಮುದುಕಗ ಏನಂತ ಹೇಳಿ ಹೊಂಟಿದ್ದಿ?"