ಮಾಯಮ್ಮ ಕಾಯಿಸಿದ ಬೆಣ್ಣೆ

ನಮ್ಮ ಬೂಕನಕೆರೆಯಲ್ಲಿ ಮಾಯಮ್ಮನ ಹತ್ತಿರ ಅಡುಗೆ ಕಲಿಯಲು ಹೋದವರು ಬೇಕಾದಷ್ಟು ಜನ. ಕಲಿತವರು ಮಾತ್ರ ಯಾರೂ ಇಲ್ಲ. ನಾನು ಪಕ್ಕದ ಮನೆಯವಳು, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಟೀಚರು. ಒಂದು ಉಪ್ಸಾರಿನ ಲೆಕ್ಕ ನನಗೆ ತಿಳಿಯುವುದಿಲ್ಲವೇ ಎಂದು ನಾನೂ ಹೋಗಿದ್ದೆ. ಖಾರ ಎಷ್ಟು ಎಂದರೆ "ಬೇಕಾದಷ್ಟು" ಎಂದಳು. ಉಪ್ಪು ಎಂದರೆ "ರುಚಿಗೆ" ಎಂದಳು. ಇನ್ನೊಮ್ಮೆ ಕೇಳಿದ್ದಕ್ಕೆ ಸಿಡುಕಿದಳು.

"ಕೈಗೆ ಗೊತ್ತಾಯ್ತದೆ ಕಣ್ ಟೀಚರಮ್ಮ. ಅದ್ನೆಲ್ಲ ಕೇಳ್ಬಾರ್ದು."

ನನ್ನ ಕೈಗೆ ಇವತ್ತಿಗೂ ಗೊತ್ತಾಗಿಲ್ಲ.

ಮಾಯಮ್ಮ ಇನ್ನೊಂದಕ್ಕೂ ಹೆಸರಾದವಳು. ನಮ್ಮ ಬೀದಿಯ ಹೆಂಗಸರಿಗೆ ಜಗಳವಾದರೆ ನ್ಯಾಯ ಹೇಳುವವಳು ಅವಳೇ. ಸ್ವಂತ ತಂಗಿಯದೇ ತಪ್ಪು ಎಂದು ಎಲ್ಲರೆದುರು ಹೇಳಿ, ಆ ತಂಗಿಯ ಮನೆಯಲ್ಲೇ ಕೂತು ಕಾಫಿ ಕುಡಿದು ಬಂದವಳು. ಒಮ್ಮೆ ಅವಳ ಹಸುವೇ ಯಾರದೋ ರಾಗಿ ಮೇಯ್ದು ರಗಳೆಯಾದಾಗ ಮಾತ್ರ ನ್ಯಾಯದ ಜಗಲಿಯಿಂದ ಎದ್ದುಹೋದಳು. "ಅಸ ನಂದು. ನಾನೆಂಗೆ ನ್ಯಾಯ ಯೋಳ್ಲಿ? ಬೇರೆಯೋರ್ನ ಕರೀರಿ" ಎಂದಳು. ಅಷ್ಟು ಕಟ್ಟುನಿಟ್ಟು.

ಇಂಥ ಅತ್ತೆಯ ಮನೆಗೆ ಶ್ರೀರಂಗಪಟ್ಟಣದಿಂದ ಸೊಸೆಯಾಗಿ ಬಂದವಳು ಅರ್ಪಿತ. ಮದುವೆಗೆ ಮೊದಲು ಮೈಸೂರಿನ ಒಂದು ಬೇಕರಿಯಲ್ಲಿ ಕೇಕು ಮಾಡುತ್ತಿದ್ದ ಹುಡುಗಿ. ಬಂದು ಎರಡು ವರ್ಷವಾದರೂ ಮಾಯಮ್ಮ ಅವಳನ್ನು ಒಲೆಯ ಮುಂದೆ ನಿಲ್ಲಿಸಿರಲಿಲ್ಲ. ತರಕಾರಿ ಹೆಚ್ಚು, ಅಕ್ಕಿ ತೊಳೆ, ಅಷ್ಟೇ. ಮಜ್ಜಿಗೆ ಕಡೆಯುವ ಕಂಬದ ಹತ್ತಿರವಂತೂ ಸುಳಿಯುವ ಹಾಗಿಲ್ಲ. ಬೈಗುಳವಿಲ್ಲ, ಕೊಂಕಿಲ್ಲ. "ನೀನ್ ಯಾಕವ್ವ ಕಷ್ಟಬೀಳ್ತೀಯೆ, ಕೂತ್ಕೋ" ಎಂಬ ಮಾತು ಮಾತ್ರ. ಕೇಳಿದವರಿಗೆ ಪ್ರೀತಿಯೇ ಅನ್ನಿಸುತ್ತಿತ್ತು.

ಯುಗಾದಿಗೆ ತವರಿಗೆ ಹೋದವಳು ಒಂದು ಓವನ್ನು ಹೊತ್ತು ತಂದಳು. ಅಡುಗೆಮನೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಹಜಾರದ ಸ್ಟೂಲಿನ ಮೇಲೆ ಹಳೇ ಟವಲು ಹೊದ್ದುಕೊಂಡು ಕೂತಿತು. ಮಾಯಮ್ಮ ಅದನ್ನು ಪೆಟ್ಟಿಗೆ ಎಂದೇ ಕರೆಯುತ್ತಿದ್ದಳು. ತಿಂಗಳುಗಟ್ಟಲೆ ನೋಡಿ ಕೊನೆಗೆ ಒಂದು ತೀರ್ಪು ಕೊಟ್ಟಳು.

"ಒಂದು ಕೇಕ್ ಮಾಡಿ ತೋರ್ಸವ್ವ. ಮನೆ ಬೆಣ್ಣೇಲೇ ಮಾಡು. ಚೆಂದಾಗಿದ್ರೆ ಪೆಟ್ಟಿಗೆ ಇರ್ಲಿ. ಇಲ್ದಿದ್ರೆ ಸೋಮವಾರ ನಿಮ್ಮಣ್ಣ ಈ ಕಡೀಕೆ ಟೆಂಪೋ ತತ್ತಾನಲ್ಲ, ಅದ್ರಲ್ಲಿ ಕಳ್ಸಿಬುಡಾನ."

ಸೋಮವಾರ ಆ ಮನೆಯಲ್ಲಿ ಮೊಟ್ಟೆ ಒಡೆಯುವಂತಿಲ್ಲ. ಅಂದರೆ ಭಾನುವಾರವೇ ಆಗಬೇಕು. ಶನಿವಾರ ಸಂಜೆ ಅರ್ಪಿತ ಹಿತ್ತಲ ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿಕೊಂಡಳು.

"ಪೆಟ್ಟಿಗೆ ಹೋದ್ರೆ ಹೋಗ್ಲಿ ಅಕ್ಕ. ಆದ್ರೆ ಈ ಮನೇಲಿ ನಾನು ಅಂತ ಒಂದು ಏನಾದ್ರೂ ಮಾಡ್ಬೇಕು. ಇಲ್ದಿದ್ರೆ ಸಾಯೋವರೆಗೂ ನೆಂಟ್ರ ಥರಾನೇ ಇದ್ದುಬಿಡ್ತೀನಿ."

ಅವಳು ಆರಿಸಿಕೊಂಡದ್ದು ಫ್ರಾನ್ಸಿನ ಹಳೇ ಕಾಲದ ಒಂದು ಕೇಕು. ಶ್ರೀರಂಗಪಟ್ಟಣಕ್ಕೂ ಫ್ರಾನ್ಸಿನವರಿಗೂ ಟಿಪ್ಪುವಿನ ಕಾಲದಿಂದ ನಂಟಿದೆ ಎಂದು ನಾನು ಟೀಚರಮ್ಮನ ಧಾಟಿಯಲ್ಲಿ ಶುರು ಮಾಡಿದೆ, ಅವಳು ಕೇಳಿಸಿಕೊಳ್ಳಲಿಲ್ಲ. ಕೇಕಿನ ಲೆಕ್ಕ ಬಹಳ ಸುಲಭ. ಮೊಟ್ಟೆ ಎಷ್ಟು ತೂಗುತ್ತದೋ ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಮೈದಾ.

ಭಾನುವಾರ ಬೆಳಗ್ಗೆ ಅರ್ಪಿತ ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು, ಮೆತ್ತಗಾಗಲಿ ಎಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮೈದಾ ತರಲು ಅಂಗಡಿಗೆ ಹೋದಳು. ಅಷ್ಟರಲ್ಲಿ ಡೈರಿಗೆ ಹಾಲು ಹಾಕಿ ಮಾಯಮ್ಮ ಬಂದಳು. ಕಟ್ಟೆಯ ಮೇಲೆ ಬೆಣ್ಣೆ ಕರಗುವ ಹಾಗಿದೆ. ನಮ್ಮ ಕಡೆ ಬೆಣ್ಣೆ ಹೊರಗೆ ಬಂತೆಂದರೆ ಅದಕ್ಕೆ ಒಂದೇ ಅರ್ಥ, ತುಪ್ಪ ಕಾಯಿಸಬೇಕು. ಮಾಯಮ್ಮ ಯೋಚನೆಯನ್ನೇ ಮಾಡಲಿಲ್ಲ, ಕೈ ತಾನಾಗಿಯೇ ಬಾಣಲೆ ಇಟ್ಟಿತು. ಕಡೆಯಲ್ಲಿ ಒಂದು ಹಿಡಿ ನುಗ್ಗೆಸೊಪ್ಪನ್ನೂ ಹಾಕಿದಳು.

ಘಮ ನಮ್ಮ ಮನೆಯವರೆಗೂ ಬಂತು. ಏನಪ್ಪಾ ವಿಶೇಷ ಎಂದು ನಾನು ಹೋಗುವುದಕ್ಕೂ ಅರ್ಪಿತ ಮೈದಾ ಹಿಡಿದು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದರು ಎನ್ನುವ ಗಾದೆ ಆ ಮನೆಯಲ್ಲಿ ತಲೆಕೆಳಗಾಗಿತ್ತು. ತುಪ್ಪ ಬೇಕಾದಷ್ಟಿತ್ತು, ಬೆಣ್ಣೆ ಇರಲಿಲ್ಲ.

"ಅತ್ತೆ, ಅದು ಕೇಕಿಗೆ ಇಟ್ಟಿದ್ದ ಬೆಣ್ಣೆ."

"ಆಚೆ ಇಟ್ಟಿದ್ರೆ ಕಾಯಿಸ್ದೆ ಪೂಜೆ ಮಾಡ್ಲಾ?" ಮಾಯಮ್ಮ ಜೋರಾಗಿಯೇ ಅಂದಳು. ಆಮೇಲೆ ಸೊಸೆಯ ಮುಖ ನೋಡಿದಳು.

ಅರ್ಪಿತ ಅಳಲಿಲ್ಲ. ಮೈದಾ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು, "ಇರ್ಲಿ ಬಿಡಿ ಅತ್ತೆ. ಪೆಟ್ಟಿಗೆ ತಗೊಂಡು ಹೋಗು ಅಂತ ಅಣ್ಣಂಗೆ ಫೋನ್ ಮಾಡ್ತೀನಿ" ಎಂದಳು. ಅತ್ತಿದ್ದರೆ ವಾಸಿಯಿತ್ತು.

ಜಗಲಿಯ ಮೇಲೆ ಪೇಪರು ಓದುತ್ತಿದ್ದ ಬೋರಯ್ಯನವರು, ಮಾಯಮ್ಮನ ಯಜಮಾನರು, ಕತ್ತೆತ್ತದೆ ಹೇಳಿದರು. "ಪರೀಕ್ಷೆ ಬರಿಯೋ ಮಗೀನ ಪೆನ್ನು ಕಿತ್ಕೊಂಡು ಫೇಲು ಅಂದಂಗಾಯ್ತು ಕಣಮ್ಮಿ."

ಆ ಮಾತು ನಾಟಿತು. ನ್ಯಾಯದ ಹೆಂಗಸಿಗೆ ನೀನೇ ಅನ್ಯಾಯ ಮಾಡಿದೆ ಎಂದರೆ ಸುಮ್ಮನಿರುತ್ತಾಳೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಳೆಗೆಂದು ಇಟ್ಟಿದ್ದ ಮೊಸರಿನ ಗಡಿಗೆಯನ್ನು ಕಂಬದ ಹತ್ತಿರ ಎಳೆದಳು. ಅದು ಸಾಲದು ಅನ್ನಿಸಿತೋ ಏನೋ, ನನ್ನ ಮೇಲೆ ಹಾರಿದಳು.

"ಬಾಯ್ ಬುಟ್ಕೊಂಡು ನಿಂತವ್ಳೆ! ನಿಮ್ಮನೇಲಿ ಮೊಸ್ರೈತಾ? ಓಗು, ತತ್ತಾ."

ನಾನು ಓಡಿದೆ. ತರುವಷ್ಟರಲ್ಲಿ ಕಡಗೋಲು ಬುಸುಗುಡುತ್ತಿತ್ತು. ಬೆಣ್ಣೆ ಬಂತು. ತಣ್ಣೀರಿನಲ್ಲಿ ತೊಳೆದು, ಹಿಂಡಿ, ಸೊಸೆಯ ಮುಂದೆ ಇಟ್ಟಳು.

ಬೋರಯ್ಯನವರು ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದ ಕಾಲದ ತಕ್ಕಡಿ ಅಟ್ಟದಿಂದ ಇಳಿಯಿತು. ಒಂದು ತಟ್ಟೆಯಲ್ಲಿ ನಾಟಿ ಕೋಳಿಯ ಮೊಟ್ಟೆಗಳು ಕೂತವು. ಇನ್ನೊಂದರಲ್ಲಿ ಬೆಣ್ಣೆ ತೂಗಿ ಇಳಿಸಿದ ಮೇಲೆ ಸಕ್ಕರೆ. ಮೈದಾ ಸರದಿ ಬಂದಾಗ ಮಾಯಮ್ಮ ತಡೆಯಲಾರದೆ, "ಇದ್ಕೇನ್ ತೂಗೋದು, ನೋಡು" ಎಂದು ಬೊಗಸೆ ತುಂಬಿ ಸುರಿದಳು. ತಟ್ಟೆ ಧಡಕ್ಕನೆ ನೆಲಕ್ಕೆ ಕೂತಿತು. ಮೊಟ್ಟೆಗಳು ಮೇಲೆ ತೂಗಾಡಿದವು. ಯಾರೂ ನಗಲಿಲ್ಲ, ಧೈರ್ಯ ಬೇಕಲ್ಲ.

"ತಕ್ಕಡಿ ಸರಿ ಇಲ್ಲ" ಎಂದಳು ಮಾಯಮ್ಮ.

"ಮೂವತ್ತೊರ್ಸ ಅದ್ರಲ್ಲೇ ನಿನ್ನ ಸಾಕಿವ್ನಿ" ಎಂದು ಜಗಲಿಯಿಂದ ಉತ್ತರ ಬಂತು.

ಬೆಣ್ಣೆಗೆ ಪುಡಿ ಮಾಡಿದ ಸಕ್ಕರೆ ಹಾಕಿ ಅರ್ಪಿತ ತಿರುವತೊಡಗಿದಳು. "ಇದಕ್ಕೆ ಸೋಡಾ ಹಾಕಲ್ಲ ಅತ್ತೆ. ತಿರುವೋದ್ರಲ್ಲೇ ಗಾಳಿ ತುಂಬಿ ಉಬ್ಬಬೇಕು. ಬೆಳ್ಳಗಾಗೋವರೆಗೂ ಬಿಡಬಾರ್ದು." ಸ್ವಲ್ಪ ಹೊತ್ತು ನೋಡಿದ ಮಾಯಮ್ಮ ಬೋಗುಣಿ ಕಿತ್ತುಕೊಂಡಳು. ಅಷ್ಟು ವರ್ಷ ಮಜ್ಜಿಗೆ ಕಡೆದ ತೋಳು ಅದು. ಬೆಣ್ಣೆ ಮಲ್ಲಿಗೆ ಇಡ್ಲಿಯ ಬಣ್ಣಕ್ಕೆ ಬಂತು. ಅರ್ಪಿತ ಒಂದೊಂದೇ ಮೊಟ್ಟೆ ಒಡೆದು ಹಾಕುತ್ತ "ಸಾಕು ಅತ್ತೆ", "ಇನ್ನೊಂಚೂರು ಅತ್ತೆ", "ಮೈದಾ ಹಾಕಿದ್ಮೇಲೆ ಜೋರಾಗಿ ಬೇಡ ಅತ್ತೆ" ಎನ್ನುತ್ತಿದ್ದಳು. ಮಾಯಮ್ಮ ಹೇಳಿದಂತೆ ಕೇಳುತ್ತಿದ್ದಳು. ಆ ಅಡುಗೆಮನೆಯಲ್ಲಿ ಅವಳು ಇನ್ನೊಬ್ಬರ ಮಾತು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಜಾರದಲ್ಲಿ ಓವನ್ನಿನ ಮುಂದೆ ಮಾಯಮ್ಮ ಕುಕ್ಕರಗಾಲಿನಲ್ಲಿ ಕೂತಳು. ಹಸು ಈಯುವಾಗ ಕೊಟ್ಟಿಗೆಯಲ್ಲಿ ಹಾಗೇ ಕೂರುತ್ತಾಳೆ. ಮುಕ್ಕಾಲು ಗಂಟೆ ಕಳೆದಿರಬೇಕು, ಕೂಗಿಕೊಂಡಳು.

"ಅಯ್ಯೋ, ಮ್ಯಾಲೆ ಬಿರುಕು ಬುಡ್ತಾ ಐತೆ ಕಣವ್ವ! ನಾನೇ ಸರ್ಯಾಗಿ ತಿರುವ್ನಿಲ್ವೇನೋ!"

"ಅದು ಹಂಗೇ ಒಡೀಬೇಕು ಅತ್ತೆ. ಚೆನ್ನಾಗಿ ಉಬ್ಬಿದೆ ಅಂತ ಅರ್ಥ."

ಮಾಯಮ್ಮ ಉಸಿರು ಬಿಟ್ಟಳು. ನಿನ್ನೆಯವರೆಗೂ ಆ ಪೆಟ್ಟಿಗೆಯನ್ನು ಊರು ಬಿಡಿಸಲು ನಿಂತವಳು ಇವಳೇನಾ ಎಂದು ನನಗೆ ನಗು.

ಕೇಕು ಆರಿದ ಮೇಲೆ ಅರ್ಪಿತ ಕೊಯ್ದಳು. ಮೇಲೆ ಗರಿಗರಿ, ಒಳಗೆ ಹಳದಿ, ಮೊಸರಿನ ಬೆಣ್ಣೆಯದೇ ಒಂದು ಸಣ್ಣ ಹುಳಿ. ಫ್ರಾನ್ಸಿನಲ್ಲಿ ಮಾಯಮ್ಮನ ಗಡಿಗೆಯ ಹುಳಿ ಇರಲಾರದು, ಅವರ ನಷ್ಟ. ಬೋರಯ್ಯನವರು ಎರಡು ಚೂರು ಮುಗಿಸಿ ಬಾಯಿ ಒರೆಸಿಕೊಂಡರು.

"ಏನಮ್ಮಿ ತೀರ್ಮಾನ?"

ಅರ್ಪಿತ ಚಾಕು ಹಿಡಿದುಕೊಂಡೇ ನಿಂತಿದ್ದಳು. ಮಾಯಮ್ಮ ಕೊನೆಯ ತುಣುಕನ್ನು ನಿಧಾನವಾಗಿ ನುಂಗಿದಳು.

"ನಾನ್ ಯೋಳಾಕಿಲ್ಲ."

"ಯಾಕೆ?"

"ಕಡ್ದೋಳು ನಾನು, ತಿರುವ್ದೋಳು ನಾನು. ನನ್ ಕೆಲ್ಸಕ್ಕೆ ನಾನೆಂಗೆ ನ್ಯಾಯ ಯೋಳ್ಲಿ?"

ಹಾಳು ನ್ಯಾಯ ಎಂದು ನನಗೆ ಕೋಪವೇ ಬಂತು. ಒಂದು ಮಾತು, ಚೆನ್ನಾಗಿದೆ ಎಂದರೆ ಗಂಟೇನು ಹೋಗುತ್ತಿತ್ತು? ಅರ್ಪಿತ ತಲೆ ತಗ್ಗಿಸಿದಳು. ಮಾಯಮ್ಮ ಎದ್ದು ಹಜಾರಕ್ಕೆ ಹೋದಳು. ಅಲ್ಲಿಂದಲೇ ಗದರಿದ್ದು ಕೇಳಿಸಿತು.

"ಇದ್ನ ಯಾಕವ್ವ ಬಾಗ್ಲಿಗೆ ನೇರ ಇಟ್ಟಿದ್ದೀಯೆ? ಬರೋರು ಓಗೋರ ಕಣ್ಣು ಬೀಳಾಕಿಲ್ವಾ? ಒಳೀಕ್ ತಗೊಂಡ್ಬಾ."

ತನ್ನ ತುಪ್ಪದ ಡಬ್ಬಿಗಳನ್ನು ತಾನೇ ಸರಿಸಿ, ಕಡೆಯುವ ಕಂಬದ ಪಕ್ಕದ ಕಟ್ಟೆಯ ಮೇಲೆ ಜಾಗ ಮಾಡಿದಳು. ಪೆಟ್ಟಿಗೆ ಕೂತ ಮೇಲೆ ಒಲೆಯ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಅದರ ಮೂಲೆಗೊಂದು ದೃಷ್ಟಿಬೊಟ್ಟು ಇಟ್ಟಳು. ಆಗ ಅತ್ತಳು ಅರ್ಪಿತ.

ಸೋಮವಾರ ಅವಳ ಅಣ್ಣ ಸಂತೋಷ್ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿ, ಸಾಮಾನು ಎಲ್ಲಿ ಎಂದ. ಮಾಯಮ್ಮ ಅವನ ಕೈಗೆ ನುಗ್ಗೆಸೊಪ್ಪಿನ ತುಪ್ಪದ ಡಬ್ಬಿ ಕೊಟ್ಟಳು.

"ನಿಮ್ಮವ್ವಂಗೆ ಕೊಡಪ್ಪ. ನಮ್ಮ ಅರ್ಪಿತನ್ ಬೆಣ್ಣೇದು."