ಹಿಮನಾಡಿಗೆ ಹೊರಟು ನಿಂತವನು

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಊರಿಗೆಲ್ಲ ದಾರಿ ಹೇಳುವ ನಾನು, ಆರು ವರ್ಷದಿಂದ ಉತ್ತರ ಧ್ರುವದ ಕಡೆಯ ಹಿಮನಾಡಿಗೆ ಹೊರಟೇ ನಿಂತಿದ್ದೆ. ಹೋಗುವುದೇನೋ ಖಚಿತ, ಸ್ವಂತವಾಗಿ ಹೋಗಬೇಕೋ, ಪ್ರವಾಸ ಕಂಪನಿಯ ಗುಂಪಿನಲ್ಲಿ ಹೋಗಬೇಕೋ ಎಂಬುದಷ್ಟೇ ಇತ್ಯರ್ಥವಾಗಬೇಕಿತ್ತು. ಗುಂಪೆಂದರೆ ನನಗೆ ಮೈಯುರಿ. 'ಊಟಕ್ಕೆ ಇಪ್ಪತ್ತು ನಿಮಿಷ, ಹಿಮಕರಡಿಗೆ ಹತ್ತು ನಿಮಿಷ ಅಂತಾರೆ, ಅದೂ ಒಂದು ಪ್ರವಾಸಾನಾ?' ಎಂದು ಸಹೋದ್ಯೋಗಿಗಳ ತಲೆ ಕೊರೆಯುತ್ತಿದ್ದೆ. ಆದರೆ ಒಬ್ಬನೇ ಹೋಗುವುದನ್ನು ನೆನೆದರೆ ಸಾಕು, ಎದೆ ಡವಡವ ಎಂದು, ಗುಂಪಿನವರ ಕರಪತ್ರವನ್ನೇ ತೆಗೆದು ಓದುತ್ತಿದ್ದೆ. ಚಳಿ ಅಭ್ಯಾಸವಾಗಲೆಂದು ಫ್ರಿಜ್ ಬಾಗಿಲು ತೆರೆದು ಎದುರಿಗೆ ಕೂರುತ್ತಿದ್ದೆ. ಎರಡು ಸೀನು ಬಂದರೆ ಬಿಸಿನೀರು ಕೇಳುತ್ತಿದ್ದೆ. ಹಿಮದ ಬೂಟು ಹದವಾಗಲೆಂದು ಹಾಲು ತರಲು ಅದನ್ನೇ ಮೆಟ್ಟಿ, ಸವೆಸಿ, ಎರಡನೇ ಜೊತೆ ಕೊಂಡಿದ್ದೆ. ನನ್ನವಳು ಇದನ್ನೆಲ್ಲ ನಗುತ್ತಲೇ ನೋಡುತ್ತಿದ್ದಳು. ಮೊನ್ನೆ ಭಾನುವಾರ ನಾನು ನಕ್ಷೆ ಹರಡಿಕೊಂಡಿದ್ದಾಗ ಪಕ್ಕದಲ್ಲಿ ಬಂದು ಕೂತು, 'ರೀ, ಗುಂಪಿನವರ ಹತ್ರ ಒಂದು ಸೀಟು ಬುಕ್ ಮಾಡ್ಸಿದೀನಿ' ಎಂದಳು. 'ಒಂದೇ?' ಎಂದೆ. 'ನೀವು ಸ್ವಂತವಾಗಿ ಹೋಗೋರಲ್ವಾ? ಡಾಕ್ಟ್ರು ನನ್ನ ಮಂಡಿ ನೋಡಿ, ದೂರ ಹೋಗೋದಿದ್ರೆ ಈ ವರ್ಷವೇ ಹೋಗ್ಬಿಡಿ ಅಂದಿದಾರೆ. ನಿಮಗೆ ಆತುರ ಮಾಡೋದು ಬೇಡ ಅಂತ ಸುಮ್ನಿದ್ದೆ.' ನಾನು ನಕ್ಷೆ ಮಡಚಿಟ್ಟೆ. ನಿನಗೂ ಬರುವ ಆಸೆಯೇ ಎಂದು ಆರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಮರುದಿನ ಅರ್ಧ ದಿನ ರಜೆ ಹಾಕಿ ಆ ಕಂಪನಿಗೆ ಹೋಗಿ, ಅವಳ ಪಕ್ಕದ ಸೀಟು ಖಾಲಿ ಇದೆಯೇ ಎಂದು ವಿಚಾರಿಸಿದೆ. 'ಅವ್ರಿಗೆ ನೀವೇನಾಗ್ಬೇಕು ಸಾರ್?' ಎಂದು ಅಲ್ಲಿದ್ದವಳು ಕೇಳಿದಳು. 'ಗಂಡ,' ಎಂದೆ, 'ಸ್ವಲ್ಪ ತಡವಾಗಿ ಬಂದಿದೀನಿ.'